ಓಡುವ ಕುರ್ಚಿಯಿಂದ ಇಳಿಯುವ ವಿದ್ಯೆ

ಕೆಲವು ಆಟಗಳನ್ನು ದೇವರು ನೋಡುವುದಕ್ಕೆಂದೇ ಸೃಷ್ಟಿಸಿದ್ದಾನೆ. ಈ ಸತ್ಯವನ್ನು ನನಗೆ ಕ್ರಿಕೆಟ್ಟು ಕಲಿಸಿತ್ತು. ಸೋಫಾದ ಮೇಲೆ ಕಾಲು ಚಾಚಿ, ಕಡಲೆಕಾಯಿ ಸುಲಿಯುತ್ತ, "ಆಫ್ ಸ್ಟಂಪಿನಾಚೆ ಹೋಗೋ ಬಾಲನ್ನ ಯಾಕಪ್ಪಾ ಮುಟ್ಟೋಕೆ ಹೋಗ್ತೀಯ?" ಎಂದು ಎಷ್ಟು ಬ್ಯಾಟ್ಸ್‌ಮನ್‌ಗಳಿಗೆ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ, ನಾನು ಒಮ್ಮೆಯೂ ಬೇಸರಪಟ್ಟುಕೊಳ್ಳಲಿಲ್ಲ. ನಮ್ಮ ಸಂಬಂಧ ಇಷ್ಟು ಚೆನ್ನಾಗಿ ಉಳಿದದ್ದು ನಡುವೆ ಟೀವಿಯ ಗಾಜು ಇದ್ದದ್ದರಿಂದ. ಯಾರೂ ಬಂದು ನನ್ನ ಕೈಗೆ ಬ್ಯಾಟು ಕೊಟ್ಟು "ಹಾಗಾದ್ರೆ ನೀವೇ ಆಡಿ ಸ್ವಾಮಿ" ಎನ್ನುವ ಭಯವಿರಲಿಲ್ಲ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ಭಯವಿದೆ, ತೊಂದರೆ ಅದೇ. ಪರದೇಶದಲ್ಲಿ ನಾವಿರುವ ಕ್ರಾಸ್‌ರೋಡ್ಸ್ ಬಡಾವಣೆಯ ಅಪಾರ್ಟ್‌ಮೆಂಟಿನಿಂದ ಕಾರು ಹತ್ತಿ ಸ್ನೊಕ್ವಾಲ್ಮಿ ಊರು ದಾಟಿ ಘಾಟಿ ಏರಿದರೆ ಒಂದು ಗಂಟೆಯೊಳಗೆ ಹಿಮ ಸಿಗುತ್ತದೆ. ಹಿಮ ಒಂದೇ ಸಿಕ್ಕಿದ್ದರೆ ಹೇಗೋ ಬದುಕಬಹುದಿತ್ತು. ಪಕ್ಕದಲ್ಲೇ ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯನ್ನೂ ಇಟ್ಟಿದ್ದಾರೆ.

ಆ ಸಲ ಒಲಿಂಪಿಕ್ಸ್ ನಡೆದದ್ದು ಇಟಲಿಯಲ್ಲಿ. ಅವರ ಮಧ್ಯಾಹ್ನ ನಮಗೆ ಹಲ್ಲುಜ್ಜುವುದಕ್ಕಿಂತ ಮುಂಚಿನ ಹೊತ್ತು. ಹೀಗಾಗಿ ನಾವು ಆಫೀಸು ಸೇರುವಷ್ಟರಲ್ಲಿ ಅಲ್ಲಿ ಬೀಳುವವರೆಲ್ಲ ಬಿದ್ದು, ಗೆದ್ದವರು ಪದಕ ಕಚ್ಚಿ ಫೋಟೊ ತೆಗೆಸಿಕೊಂಡು ಆಗಿರುತ್ತಿತ್ತು. ಇಲ್ಲಿನ ಟೀವಿಯವರು ಮಾತ್ರ ಅದನ್ನೆಲ್ಲ ಮುಚ್ಚಿಟ್ಟುಕೊಂಡು, ರಾತ್ರಿಯ ಊಟದ ಹೊತ್ತಿಗೆ ಈಗತಾನೇ ನಡೆಯುತ್ತಿದೆ ಎಂಬಂತೆ ಏದುಸಿರು ಬಿಡುತ್ತ ತೋರಿಸುತ್ತಿದ್ದರು. ನಾನು ಆಫೀಸಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚುವಾಗಲೇ ಕಂಪ್ಯೂಟರಿನಲ್ಲಿ ಫಲಿತಾಂಶ ಓದಿರುತ್ತಿದ್ದೆ. ಸಂಜೆ ನಾಲ್ಕನೇ ಕ್ಲಾಸಿನ ಮಗಳು ಇಂಚರ ನನ್ನ ಪಕ್ಕ ಕೂತು ಕೊಡುಬಳೆ ಕಡಿಯುತ್ತ ಟೀವಿ ನೋಡುತ್ತಿದ್ದಳು.

"ನೋಡ್ತಿರು ಪುಟ್ಟಿ, ಈ ಕೆಂಪು ಹೆಲ್ಮೆಟ್‌ನವನು ಕೊನೇ ತಿರುವಲ್ಲಿ ಬೀಳ್ತಾನೆ."

ಅವನು ಬಿದ್ದ. ಬೀಳದೆ ಏನು ಮಾಡಿಯಾನು, ಪಾಪ, ಬೆಳಿಗ್ಗೆಯೇ ಬಿದ್ದಾಗಿತ್ತು.

"ಹೌ ಡು ಯೂ ನೋ, ಅಪ್ಪಾ?"

"ಮೊಣಕಾಲು ನೋಡು. ಮೊಣಕಾಲು ಎಲ್ಲಾ ಹೇಳ್ಬಿಡತ್ತೆ."

ಇದನ್ನು ಮೋಸ ಎನ್ನುವವರಿದ್ದಾರೆ. ನನ್ನ ಹೆಂಡತಿ ವೀಣಾ ಅಂಥವರಲ್ಲಿ ಒಬ್ಬಳು. ನಾನು ಇದನ್ನು ಎರಡು ಊರುಗಳ ಗಡಿಯಾರದ ನಡುವಿನ ವ್ಯತ್ಯಾಸ ಎಂದು ಕರೆಯುತ್ತೇನೆ. ನಡೆದುಹೋದದ್ದನ್ನು ನೋಡಿ, ಹೀಗಾಗುತ್ತದೆಂದು ಮೊದಲೇ ಗೊತ್ತಿತ್ತು ಎನ್ನುವುದರ ಮೇಲೆಯೇ ನಮ್ಮ ಆಫೀಸಿನ ಅರ್ಧ ಮ್ಯಾನೇಜರುಗಳ ಕೆಲಸ ನಿಂತಿದೆ. ಅವರಿಗೆ ಬೋನಸ್ ಕೊಡುತ್ತಾರೆ, ನನಗೆ ಮಗಳ ಅಗಲವಾದ ಕಣ್ಣುಗಳು ಸಿಗುತ್ತಿದ್ದವು. ನಡುವೆ ವೀಣಾ ಏನಾದರೂ ಹೇಳಲು ಬಾಯಿ ತೆರೆದರೆ "ಶ್, ಲೈವ್ ಬರ್ತಿದೆ" ಎಂದು ತಡೆದುಬಿಡುತ್ತಿದ್ದೆ.

ಒಲಿಂಪಿಕ್ಸು ಸಾಮಾನ್ಯ ಜನರಿಗೆ ಸ್ಫೂರ್ತಿ ಕೊಡುತ್ತದೆ ಎನ್ನುತ್ತಾರಲ್ಲ, ಅದು ನೂರಕ್ಕೆ ನೂರು ನಿಜ. ಕಾಯಿಲೆಯೂ ಹಾಗೆಯೇ ಹರಡುತ್ತದೆ. ಎರಡು ವಾರದೊಳಗೆ ನಮ್ಮ ಅಪಾರ್ಟ್‌ಮೆಂಟಿನ ಜನ ಮೆಟ್ಟಿಲಿಳಿಯುವಾಗಲೂ ಮೊಣಕಾಲು ಬಗ್ಗಿಸತೊಡಗಿದರು. ಎದುರು ಮನೆಯ ಶ್ರೀನಾಥ, ಮೈಸೂರಿನ ಹುಡುಗ, ಮದುವೆಯಾಗಿಲ್ಲ, ಹಾಗಾಗಿ ಸಂಬಳವೆಲ್ಲ ಕೈಯಲ್ಲೇ ಇರುತ್ತದೆ. ಅವನು ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಮೈಗಂಟುವ ದಿರಿಸೊಂದನ್ನು ಕೊಂಡು ತಂದ. ಅದರೊಳಗೆ ಅವನ ಹೊಟ್ಟೆ ಹಬ್ಬದ ದಿನದ ಹೋಳಿಗೆಯ ಕಣಕದ ಹಾಗೆ ಕಾಣುತ್ತಿತ್ತು. "ವಿಂಡ್ ರೆಸಿಸ್ಟೆನ್ಸ್ ಕಮ್ಮಿ ಆಗತ್ತೆ ಸಾರ್" ಎಂದ. ಅವನು ಹೋಗುವ ವೇಗಕ್ಕೆ ಗಾಳಿ ಪಕ್ಕಕ್ಕೆ ನಿಂತು ದಾರಿ ಬಿಡುತ್ತದೆ ಎಂದು ನನಗನ್ನಿಸಿತು, ಹೇಳಲಿಲ್ಲ. ಏಕೆಂದರೆ ನಾನೂ ಆಗ ನಡುಮನೆಯ ಕಾರ್ಪೆಟ್ಟಿನ ಮೇಲೆ, ಟೀವಿಯೆದುರು, ಮೊಟ್ಟೆಯ ಹಾಗೆ ಮುದುಡಿಕೊಂಡು, ಎರಡು ಲಟ್ಟಣಿಗೆಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದೆ.

"ರೀ, ಅಷ್ಟು ಬಗ್ಗೋಕಾಗತ್ತೆ ಅಂದ್ರೆ ಹಾಗೇ ಸೋಫಾ ಕೆಳಗಿರೋ ಕಡಲೆಕಾಯಿ ಸಿಪ್ಪೆನೂ ತೆಗೆದ್ಬಿಡಿ" ಎಂದಳು ವೀಣಾ. ಮಹಾ ಕ್ರೀಡಾಪಟುಗಳಿಗೆ ಮನೆಯಲ್ಲಿ ಇಂಥ ಪ್ರೋತ್ಸಾಹ ಸಿಗುತ್ತಿತ್ತೋ ಇಲ್ಲವೋ, ಟೀವಿಯವರು ತೋರಿಸಲಿಲ್ಲ.

ಇಂಚರ ಆ ಚಳಿಗಾಲವಿಡೀ ಶನಿವಾರಗಳಂದು ಸ್ಕೂಲಿನ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಸ್ಕೀಯಿಂಗ್ ಕಲಿಯುತ್ತಿದ್ದಳು. ಕೊನೆಯ ಪಾಠದ ದಿನ ಒಂದು ಪದ್ಧತಿ. ಪ್ರತಿ ಮಗುವೂ ಅಪ್ಪನನ್ನೋ ಅಮ್ಮನನ್ನೋ ಕರೆತರಬೇಕು. ಒಂದು ಉದ್ದನೆಯ ರಿಬ್ಬನ್ನಿನ ಎರಡು ತುದಿಗಳನ್ನು ಇಬ್ಬರೂ ಹಿಡಿದುಕೊಂಡು, ಮಕ್ಕಳ ಇಳಿಜಾರಿನ ನೆತ್ತಿಯಿಂದ ಬುಡದವರೆಗೆ, ರಿಬ್ಬನ್ ಬಿಡದೆ ಒಟ್ಟಿಗೆ ಇಳಿಯಬೇಕು. ಇಂಚರ ಮನೆಯಲ್ಲಿ ಯಾರನ್ನೂ ಕೇಳದೆ ನನ್ನ ಹೆಸರು ಕೊಟ್ಟು ಬಂದಿದ್ದಳು. ನಮ್ಮಪ್ಪನಿಗೆ ಯಾರು ಎಲ್ಲಿ ಬೀಳುತ್ತಾರೆಂದು ಮೊದಲೇ ಗೊತ್ತಾಗುತ್ತದೆ ಎಂದು ಟೀಚರಿಗೂ ಹೇಳಿದ್ದಳಂತೆ.

"ಶ್ರೀನಾಥ್ ಅಂಕಲ್‌ನ ಕರ್ಕೊಂಡ್ ಹೋಗು ಪುಟ್ಟಿ, ಅವ್ರಿಗೆ ಬರತ್ತೆ" ಎಂದಳು ವೀಣಾ.

"ನೋ. ಅಪ್ಪ."

ಎರಡೇ ಪದ. ಮಕ್ಕಳ ಕಣ್ಣಿಗೆ ಅಪ್ಪ ಎಲ್ಲವನ್ನೂ ಬಲ್ಲವನಾಗಿ ಕಾಣುವ ಕಾಲ ಬಹಳ ಚಿಕ್ಕದು. ಆಮೇಲೆ ಕಂಪ್ಯೂಟರ್ ಬರುತ್ತದೆ, ಸ್ನೇಹಿತೆಯರು ಬರುತ್ತಾರೆ, ಅಪ್ಪ ಏರ್‌ಪೋರ್ಟಿಗೆ ಬಿಡುವ ಡ್ರೈವರ್ ಆಗುತ್ತಾನೆ. ಆ ಕಾಲ ಮುಗಿಯುವುದು ಹೇಗೂ ತಪ್ಪದು. ಆದರೆ ಆ ಪಟ್ಟ ಕಣಕದಂಥ ಹೊಟ್ಟೆಯ ಶ್ರೀನಾಥನ ಕೈಗೆ ಹೋಗುವುದನ್ನು ನೋಡುವಷ್ಟು ವೈರಾಗ್ಯ ನನಗೆ ಬಂದಿರಲಿಲ್ಲ. ಬರುತ್ತೇನೆ ಎಂದೆ. ಶ್ರೀನಾಥ ತಾನೂ ಬರುತ್ತೇನೆಂದು ಹೊರಟ. "ಬ್ಯಾಕಪ್ ಇರ್ಲಿ ಸಾರ್" ಎಂದ.

ಬಾಡಿಗೆ ಅಂಗಡಿಯ ಮುಂದೆ ತಿರುಪತಿಯ ಸಾಲು. ಟೀವಿ ನೋಡಿ ಸ್ಫೂರ್ತಿಗೊಂಡ ಊರಿಗೆ ಊರೇ ಬೆಟ್ಟ ಹತ್ತಿತ್ತು. ನಡಿಗೆಗಿಂತ ನಿಧಾನವಾಗಿ ಜಾರುತ್ತಿದ್ದ ಅಜ್ಜಂದಿರು ಕೂಡ ವಿಶ್ವದಾಖಲೆ ಮುರಿಯುವವರಂತೆ ಮುದುಡಿಕೊಂಡಿದ್ದರು. ಕೆಳಗೆ ತಲುಪಿದವರು ತಿರುಗಿ ನಿಂತು ತಮ್ಮ ಸಮಯ ಎಷ್ಟೆಂದು ನೋಡುತ್ತಿದ್ದರು. ಅಲ್ಲಿದ್ದ ಕ್ಯಾಂಟೀನಿನ ಬೋರ್ಡಿನಲ್ಲಿ ಕಂಡದ್ದು ಸೂಪಿನ ರೇಟು ಮಾತ್ರ. ಕೌಂಟರಿನ ಹುಡುಗಿ ನನ್ನನ್ನು, ಹೊಸಬರೋ, ಸುಮಾರಾಗಿ ಬರುತ್ತದೋ, ಪರಿಣತರೋ ಎಂದು ಕೇಳಿದಳು. ಪಕ್ಕದಲ್ಲಿ ಇಂಚರ ನಿಂತಿದ್ದಳು. "ಪರಿಣತ" ಎಂದೆ. ಹೊಸಬರು ಬಿದ್ದರೆ ಸ್ಕೀ ತಾನಾಗಿ ಕಾಲಿನಿಂದ ಕಳಚಿಕೊಳ್ಳುವಂತೆ ಸಡಿಲ ಇಡುತ್ತಾರೆ, ಪರಿಣತರಿಗೆ ಬಿಗಿ ಮಾಡುತ್ತಾರೆ ಎನ್ನುವುದು ಆಮೇಲೆ ತಿಳಿಯಿತು. ವೀಣಾ ಚಿತ್ರಾನ್ನದ ಡಬ್ಬಿಯನ್ನೂ ಕಾಫಿಯ ಫ್ಲಾಸ್ಕನ್ನೂ ಹಿಡಿದು ಕೆಳಗಿನ ಕ್ಯಾಂಟೀನಿನ ಕಿಟಕಿ ಪಕ್ಕ ಜಾಗ ಹಿಡಿದಳು. ನಾನು ಬಾಡಿಗೆಯ ಸ್ಕೀ ಬೂಟುಗಳಲ್ಲಿ, ಎರಡು ಪ್ರೆಶರ್ ಕುಕ್ಕರುಗಳಲ್ಲಿ ಕಾಲಿಟ್ಟವನಂತೆ ಧಡಧಡ ಸದ್ದು ಮಾಡುತ್ತ ಮಗಳ ಹಿಂದೆ ಹೊರಟೆ.

ಮೇಲಕ್ಕೆ ಹೋಗುವುದು ತಂತಿಯಲ್ಲಿ ನೇತಾಡುವ ಕುರ್ಚಿಗಳ ಲಿಫ್ಟಿನಲ್ಲಿ. ಆ ಕುರ್ಚಿ ನಿಲ್ಲುವುದಿಲ್ಲ. ಹಿಂದಿನಿಂದ ಬಂದು ಮೊಣಕಾಲಿಗೆ ಬಡಿಯುತ್ತದೆ, ಕೂತರೆ ಕೂತೆವು, ಇಲ್ಲದಿದ್ದರೆ ಇಲ್ಲ. ಇದನ್ನು ಕಂಡು ಇಲ್ಲಿಯ ಜನ ಹೆದರುವುದನ್ನು ನೋಡಿ ನನಗೆ ನಗು ಬಂತು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಸ್ಟಾಪಿನಲ್ಲಿ ನಿಲ್ಲಿಸದ ಸಿಟಿ ಬಸ್ಸಿಗೆ ಓಡಿ ಹತ್ತಿ, ನಿಲ್ಲುವ ಮೊದಲೇ ಇಳಿದು ಕಾಲೇಜು ಮುಗಿಸಿದವನು. ಮೂವತ್ತಾರು ಜನ ಕೂರುವ ಬಸ್ಸಿಗೆ ನೂರು ಜನರ ನಡುವೆ ಹತ್ತಿದವನಿಗೆ, ಇಬ್ಬರ ಕುರ್ಚಿಗೆ ಇಬ್ಬರೇ ಹತ್ತುವುದು ಒಂದು ಕೆಲಸವೇ? ಚಕ್ಕನೆ ಕೂತೆ. "ವಾವ್, ಅಪ್ಪಾ!" ಎಂದಳು ಇಂಚರ. ಅಂದಿನ ನನ್ನ ಕ್ರೀಡಾ ಜೀವನದ ಶಿಖರ ಅದೇ. ಶಿಖರವನ್ನು ನಾನು ಬುಡದಲ್ಲಿಯೇ ಮುಟ್ಟಿದ್ದೆ.

ಮೇಲೆ ಇಳಿಯುವ ಜಾಗ ಹತ್ತಿರವಾದಾಗ "ಜಸ್ಟ್ ಸ್ಟ್ಯಾಂಡ್ ಅಪ್ ಅಂಡ್ ಸ್ಲೈಡ್, ಓಕೆ?" ಎಂದು ಅವಳು ಹೇಳಿಕೊಟ್ಟಳು. ಕೇಳಿಸಿತು. ಆದರೆ ಕಾಲಿಗೆ ತನ್ನದೇ ನೆನಪಿರುತ್ತದೆ. ಓಡುವ ಬಸ್ಸಿನಿಂದ ಇಳಿಯುವಾಗ ಬಸ್ಸು ಹೋಗುವ ಕಡೆಗೇ ಮುಖ ಮಾಡಿ, ಎಡಗಾಲು ಮೊದಲು ಊರಿ, ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ಓಡಬೇಕು. ನನಗೆ ಇದನ್ನು ಕಲಿಸಿದ್ದು ನಮ್ಮಣ್ಣ, ಅವನಿಗೆ ಕಲಿಸಿದ್ದು ಒಂದು ಮುರಿದ ಹಲ್ಲು. ನಾನು ಕುರ್ಚಿ ಹೋಗುವ ಕಡೆಗೇ ಮುಖ ಮಾಡಿದೆ, ಎಡಗಾಲು ಊರಿದೆ, ಓಡಿದೆ. ನನಗಿಂತ ಉದ್ದವಿದ್ದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು.

ಮುಂದಿನದನ್ನು ಟೀವಿಯವರ ಹಾಗೆ ಹಲವು ಕ್ಯಾಮೆರಾಗಳಿಂದ ನೋಡಬೇಕಾಗುತ್ತದೆ, ಯಾಕೆಂದರೆ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಕ್ಯಾಮೆರಾದ ಪ್ರಕಾರ ನಾನು ಸ್ವಲ್ಪ ಎಡವಿದೆ, ಘನತೆಯಿಂದ ಕುಳಿತೆ. ಹಿಂದಿನ ಕುರ್ಚಿಯಲ್ಲಿದ್ದ ಶ್ರೀನಾಥನ ಪ್ರಕಾರ ನಾನು ಮಕಾಡೆ ಬಿದ್ದು, ಕಾಲು ಬಿಡದ ಸ್ಕೀಗಳನ್ನು ಆಕಾಶಕ್ಕೆತ್ತಿ, "ಹೋಲ್ಡಾನ್! ಹೋಲ್ಡಾನ್!" ಎಂದು ಸಿಟಿ ಬಸ್ಸಿನ ಕಂಡಕ್ಟರನ ಹಾಗೆ ಕೂಗಿದೆ. ಬೆಂಗಳೂರಿನ ಡ್ರೈವರುಗಳು ಕೇಳದ ಆ ಕೂಗನ್ನು ಇಲ್ಲಿನ ಲಿಫ್ಟಿನವನು ಮಾತ್ರ ಕೂಡಲೇ ಕೇಳಿ ನಿಲ್ಲಿಸಿದನಂತೆ. ನಿಲ್ಲಿಸಿದ್ದು ನಿಜ. ಕೆಳಗಿನವರೆಗೂ ಕುರ್ಚಿಗಳಲ್ಲಿ ಜನ ಗಾಳಿಯಲ್ಲಿ ನೇತಾಡುತ್ತ ಉಳಿದರು. ಅವರೆಲ್ಲರಿಗೂ ಆ ಕ್ಷಣ ನೋಡಲು ಇದ್ದದ್ದು ನಾನೊಬ್ಬನೇ. ಒಲಿಂಪಿಕ್ಸಿನಲ್ಲೂ ಇಷ್ಟು ಏಕಾಗ್ರಚಿತ್ತದ ಪ್ರೇಕ್ಷಕರು ಸಿಗಲಾರರು.

"ಏನ್ ಸಾರ್, ಸ್ಟಾಪ್ ಬರೋಕ್ ಮುಂಚೇನೇ ಇಳ್ದ್ಬಿಟ್ರಾ?" ಎಂದು ಹಿಂದೆ ನೇತಾಡುತ್ತಿದ್ದ ಕುರ್ಚಿಯಿಂದ ಶ್ರೀನಾಥನ ದನಿ ಬಂತು.

ವೀಣಾಳ ಕ್ಯಾಮೆರಾ ದೂರದ್ದು, ಆದರೂ ಎಲ್ಲಕ್ಕಿಂತ ಸ್ಪಷ್ಟ. "ಲಿಫ್ಟ್ ನಿಂತ ತಕ್ಷಣ ನಾನು ಫ್ಲಾಸ್ಕ್ ಮುಚ್ಚಳ ಮುಚ್ಚಿದೆ ಕಣ್ರೀ. ಇನ್ಯಾರಿಗೋಸ್ಕರ ನಿಲ್ಸಿರ್ತಾರೆ?"

ಇಂಚರ ಸ್ಕೀ ಕೋಲಿನಿಂದ ನನ್ನ ಹಿಮ್ಮಡಿಯ ಹತ್ತಿರ ಒತ್ತಿ ಸ್ಕೀ ಕಳಚಿದಳು, ಲಿಫ್ಟಿನವನು ನನ್ನನ್ನು ಪಕ್ಕಕ್ಕೆ ಎಳೆದು ಹಾಕಿದ, ಕುರ್ಚಿಗಳು ಮತ್ತೆ ಓಡಿದವು. ಇಬ್ಬರೂ ಇಳಿಜಾರಿನ ಅಂಚಿನಲ್ಲಿ ಕೂತೆವು. ರಿಬ್ಬನ್ ಅವಳ ಕೈಯಲ್ಲಿತ್ತು. ಕೆಳಗೆ ಟೀಚರು, ಮಕ್ಕಳು, ಅವರ ಬೀಳದ ಅಪ್ಪಂದಿರು.

"ಅಪ್ಪಾ, ಬೀಳ್ತೀಯ ಅಂತ ನಿಂಗೆ ಗೊತ್ತಿತ್ತಾ?"

ಅವಳು ಇದನ್ನು ಕನ್ನಡದಲ್ಲಿ ಕೇಳಿದಳು ಎಂದು ನನ್ನ ನೆನಪು. ಸಾಧ್ಯವೇ ಇಲ್ಲ ಎನ್ನುತ್ತಾಳೆ ವೀಣಾ. ನೀರು ಬೇಕೆಂದರೂ ಇಂಗ್ಲಿಷಿನಲ್ಲಿ ಕೇಳುವ ಹುಡುಗಿ ಅದು. ಇರಬಹುದು. ಮಗಳ ಮುಖದಲ್ಲಿ ಆಗ ಏನಿತ್ತು ಎಂದು ಹೇಳಲಾರೆ, ನನ್ನ ಕನ್ನಡಕದ ತುಂಬ ಹಿಮ ಮೆತ್ತಿತ್ತು. ಇಲ್ಲ ಎಂದರೆ ಎರಡು ವಾರದ ಕೀರ್ತಿ ಅಲ್ಲೇ ಕರಗುತ್ತಿತ್ತು.

"ಗೊತ್ತಿತ್ತು" ಎಂದೆ. "ಮೊಣಕಾಲು ಹೇಳ್ತು."

"ದೆನ್ ಟೆಲ್ ಮಿ. ವಿಲ್ ಐ ಫಾಲ್?"

ಮಧ್ಯಾಹ್ನ ಓದಿಕೊಂಡು ಬರಲು ಅವಳ ಇಳಿತ ಇನ್ನೂ ಎಲ್ಲಿಯೂ ನಡೆದಿರಲಿಲ್ಲ. ಅವಳ ಮೊಣಕಾಲು ನೋಡಿದೆ. ಅದು ಪ್ಯಾಂಟಿನೊಳಗೆ ಸುಮ್ಮನೆ ಮೊಣಕಾಲಾಗಿತ್ತು.

"ಗೊತ್ತಿಲ್ಲ ಪುಟ್ಟಿ" ಎಂದೆ.

"ಗುಡ್" ಎಂದು ಎದ್ದು ನಿಂತಳು. ರಿಬ್ಬನ್ನಿನ ಒಂದು ತುದಿಯನ್ನು ನನ್ನ ಕೈಗೆ ಸುತ್ತಿದಳು.

ಇಳಿದೆವು. ಅವಳು ಸ್ಕೀಗಳ ಮೂತಿ ಕೂಡಿಸಿ ಹಿಂಭಾಗ ಅಗಲಿಸಿ, ಮಕ್ಕಳು ಪಿಜ್ಜಾ ತುಂಡು ಎನ್ನುವ ಭಂಗಿಯಲ್ಲಿ, ವೇಗ ತಗ್ಗಿಸಿಕೊಂಡು ಮುಂದೆ. ಸ್ಕೀಗಳನ್ನು ಎದೆಗವುಚಿಕೊಂಡು, ಭೂಮಿತಾಯಿಯ ಸಂಪರ್ಕವನ್ನು ಅತ್ಯಂತ ವಿಶಾಲವಾದ ಅಂಗದಿಂದ ಉಳಿಸಿಕೊಂಡು ನಾನು ಹಿಂದೆ. "ಮೇಕ್ ಎ ಪಿಜ್ಜಾ, ಅಪ್ಪಾ!" ಎಂದು ಅವಳು ಕೂಗುತ್ತಲೇ ಇದ್ದಳು, ಯಾವುದರಿಂದ ಮಾಡಲಿ? ಬುಡ ತಲುಪಿದಾಗ ರಿಬ್ಬನ್ ಕೈಯಲ್ಲೇ ಇತ್ತು. ಇಬ್ಬರೂ ಒಟ್ಟಿಗೆ ಇಳಿಯಬೇಕು ಎಂದಷ್ಟೇ ನಿಯಮ, ಯಾವುದರ ಮೇಲೆ ಎಂದು ಹೇಳಿಲ್ಲ ಎಂದು ಟೀಚರು ತೀರ್ಪು ಕೊಟ್ಟರು. ಅವಳು ಒಮ್ಮೆಯೂ ಬೀಳಲಿಲ್ಲ. ನಾನೂ ಬೀಳಲಿಲ್ಲ ಎಂದು ವಾದಿಸಬಲ್ಲೆ. ಕೂತವನು ಬೀಳುವುದೆಲ್ಲಿಗೆ?

ಅಂದು ಸಂಜೆ ಸೋಫಾದ ಮೇಲೆ ಬಿಸಿನೀರಿನ ಚೀಲದ ಮೇಲೆ ಕೂತಿದ್ದೆ. ಟೀವಿಯಲ್ಲಿ ಹೆಂಗಸರ ಸ್ಕೀ ಓಟ. ಬೆಳಗಿನಿಂದ ಬೆಟ್ಟದಲ್ಲಿದ್ದುದರಿಂದ ಫಲಿತಾಂಶ ಓದಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಹಳದಿ ದಿರಿಸಿನ ಒಬ್ಬಳು ನೆತ್ತಿಯಲ್ಲಿ ಬಂದು ನಿಂತಳು.

"ದಿಸ್ ಒನ್ ಫಾಲ್ಸ್" ಎಂದಳು ಇಂಚರ, ಕೊಡುಬಳೆ ಮುರಿಯುತ್ತ. "ರೈಟ್ ಆಫ್ಟರ್ ದ ಜಂಪ್."

ಹಳದಿಯವಳು ಹಾರಿದಳು, ಬಿದ್ದಳು. ಅಡುಗೆಮನೆಯಿಂದ ವೀಣಾಳ ನಗು ಕೇಳಿಸಿತು.

"ಹೇಗೆ ಗೊತ್ತಾಯ್ತೇ ನಿಂಗೆ?"

"ಸೇಮ್ ಆ್ಯಸ್ ಯೂ" ಎಂದು ಅವಳು ಮೂಲೆಯಲ್ಲಿ ಇನ್ನೂ ಉರಿಯುತ್ತಿದ್ದ ಕಂಪ್ಯೂಟರಿನ ಕಡೆ ಗದ್ದ ಎತ್ತಿ ತೋರಿಸಿದಳು.

ಬೆಟ್ಟದ ನೆತ್ತಿಯಲ್ಲಿ ಅವಳು ಕೇಳಿದ ಪ್ರಶ್ನೆ ಆಗ ನನಗೆ ಮತ್ತೊಂದು ಕ್ಯಾಮೆರಾದಿಂದ ಕಾಣಿಸತೊಡಗಿತು. "ಎಷ್ಟು ದಿನದಿಂದ ನಿಂಗಿದು ಗೊತ್ತು? ಇವತ್ತು ಮೇಲೆ ಕೇಳಿದ್ಯಲ್ಲ, ಆಗ್ಲೂ..."

"ಶ್, ಅಪ್ಪಾ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಲೈವ್ ಬರ್ತಿದೆ."

ಇದನ್ನು ಮಾತ್ರ ಕನ್ನಡದಲ್ಲೇ ಹೇಳಿದಳು, ವೀಣಾ ಸಾಕ್ಷಿ. ನಾನು ಬಾಯಿ ಮುಚ್ಚಿ, ಮೊಣಕಾಲು ಬಗ್ಗಿಸಿ ಕೂತು, ಬೆಳಿಗ್ಗೆಯೇ ಮುಗಿದುಹೋಗಿದ್ದ ಓಟದಲ್ಲಿ ಮುಂದೇನಾಗುತ್ತದೋ ಎಂದು ಉಸಿರು ಬಿಗಿಹಿಡಿದು ನೋಡತೊಡಗಿದೆ.