ರೋಬೋ ಕೈಕೊಟ್ಟ ಮಂಗಳವಾರ

ಆ ಮಂಗಳವಾರ ಬೆಳಗ್ಗೆ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಇವತ್ತು ಹೊತ್ತು ಮುಳುಗುವುದರೊಳಗೆ ನನ್ನ ಮಹಾರೋಬೋ ಮೂವತ್ತೈದು ವರ್ಷಗಳ ನಿದ್ದೆಯಿಂದೆದ್ದು, ಎರಡೂ ಕೈ ಮೇಲೆತ್ತಿ, ಹಾಲ್‌ನ ಶೋಕೇಸಿನಲ್ಲಿ ನಿಲ್ಲಲೇಬೇಕು! ಪ್ರತಿಜ್ಞೆಯ ಅರ್ಧ ಭಾಗ ವಾಶ್‌ಬೇಸಿನ್ ಪಾಲಾಯಿತು, ಉಳಿದರ್ಧ ಕನ್ನಡಿಯ ಮೇಲೆ ಸಿಡಿಯಿತು.

"ಪ್ರತಿಜ್ಞೆ ಆಮೇಲೆ, ಮೊದಲು ಕನ್ನಡಿ ಒರೆಸಿ," ಎಂದಳು ನನ್ನ ಹೆಂಡತಿ. ಆಕೆ ವಕೀಲೆ. ನಮ್ಮ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ನನ್ನದು ಕನ್ನಡಕದ ಅಂಗಡಿ. ಮಂಗಳವಾರ ಅದಕ್ಕೆ ರಜೆ. ಒರೆಸುವ ಶಾಸ್ತ್ರ ಮುಗಿಸಿ, ಏಣಿ ಹಾಕಿ, ಅಟ್ಟದಿಂದ ಹಳೆಯ ತಗಡಿನ ಪೆಟ್ಟಿಗೆ ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ನನ್ನ ವಯಸ್ಸು ಸರ್ರನೆ ಹತ್ತಕ್ಕೆ ಇಳಿಯಿತು! ಒಳಗೆ ಹತ್ತೊಂಬತ್ತು ರೋಬೋಗಳು. ಕೆಂಪೆದೆಯವು, ಹಳದಿ ಕೊಂಬಿನವು, ಮೊಣಕಾಲಲ್ಲಿ ಚಕ್ರ ಇರುವವು. ಹಡಗಿನಲ್ಲಿ ಅಡುಗೆಯವರಾಗಿದ್ದ ಚಿಕ್ಕಪ್ಪ ಜಪಾನಿನ ಬಂದರಿಗೆ ಹೋದಾಗಲೆಲ್ಲ ಒಂದೊಂದಾಗಿ ತಂದುಕೊಟ್ಟವು.

ಆಗ ವಾರಕ್ಕೊಮ್ಮೆ ಟೀವಿಯಲ್ಲಿ ಜಪಾನಿನ ಕಾರ್ಟೂನು ಬರುತ್ತಿತ್ತು. ಅದನ್ನು ಅನಿಮೆ ಎನ್ನಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಮಾತಂತೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದಕ್ಕೇ ನಾನೂ ನನ್ನಣ್ಣನೂ ಸೋಫಾದ ಮೇಲೆ ನಿಂತು ನಮ್ಮದೇ ಮಾತು ತುಂಬುತ್ತಿದ್ದೆವು. "ಎಲವೋ ದುಷ್ಟ ಯಂತ್ರವೇ! ಹೋಮ್‌ವರ್ಕ್ ಮುಗಿಸಿ ಬಂದಿದ್ದೇನೆ, ಈಗ ನಿನ್ನನ್ನು ಮುಗಿಸುತ್ತೇನೆ!"

ಹತ್ತೊಂಬತ್ತರಲ್ಲಿ ರಾಜ ಎಂದರೆ ಮಹಾರೋಬೋ. ಗೇಣುದ್ದ, ಕಬ್ಬಿಣದ ಮೈ, ತಲೆಯ ಮೇಲೆರಡು ಕೊಂಬು. ಬೆನ್ನಿನ ಗುಂಡಿ ಒತ್ತಿದರೆ ಬಲಗೈಯ ಮುಷ್ಟಿ ಸ್ಪ್ರಿಂಗಿನಿಂದ ಚಿಮ್ಮಿ ಹಾರುತ್ತಿತ್ತು. ಎತ್ತಿಕೊಂಡು ಮುದ್ದಾಡಿ ನಿಲ್ಲಿಸಿದೆ. ಠಣ್ ಎಂದು ಬಲಗೈ ಇಡಿಯಾಗಿ ಕಳಚಿ ಬಿತ್ತು. ಮಹಾರೋಬೋ ನನಗೆ ಕೈಕೊಟ್ಟಿತು, ಅಕ್ಷರಶಃ!

ಭುಜದ ಪುಟ್ಟ ಸ್ಕ್ರೂ ಕಳೆದುಹೋಗಿತ್ತು. ಪೆಟ್ಟಿಗೆ ಬೋರಲು ಹಾಕಿ ಹುಡುಕಿದೆ, ನೆಲದ ಮೇಲೆ ತೆವಳಿದೆ.

"ಏನು ಹುಡುಕ್ತಿದೀರಿ?"

"ಸ್ಕ್ರೂ ಕಣೇ. ಸಡಿಲವಾಗಿ ಬಿದ್ದುಹೋಗಿದೆ."

"ಅದು ಮದುವೆಯಾದ ವಾರಕ್ಕೇ ಗೊತ್ತಾಯ್ತು. ಬೊಂಬೆಯದ್ದೂ ಬಿದ್ದಿದೆಯಾ?" ಎಂದವಳೇ ಫೈಲು ಹಿಡಿದು ಕೋಣೆಗೆ ಹೋದಳು. ಹೋಗುತ್ತಾ ಇನ್ನೇನೋ ಹೇಳಿದಳು. ನಾನು "ಹೂಂ" ಎಂದೆ. ಈ "ಹೂಂ" ಎಂಬ ಅಕ್ಷರವೇ ನನ್ನ ಸಂಸಾರದ ಸಕಲ ಅನಾಹುತಗಳಿಗೂ ಮೂಲ.

ಅಂಗಡಿಯಲ್ಲಿ ಅಂಥ ಸ್ಕ್ರೂ ಡಬ್ಬಿಗಟ್ಟಲೆ ಇವೆ, ಒಪ್ಪುತ್ತೇನೆ. ಆದರೆ ಮೂವತ್ತೈದು ವರ್ಷ ಕಾದವನಿಗೆ ಇನ್ನು ಅರ್ಧ ಗಂಟೆ ಕಾಯಲು ಆಗಬೇಕಲ್ಲ! ಆಗ ಊಟದ ಮೇಜಿನ ಮೇಲೆ, ನಮ್ಮೊಡನೆಯೇ ಇರುವ ಮಾವನವರ ಕನ್ನಡಕ ಕಂಡಿತು. ಅವರು ಸ್ನಾನಕ್ಕೆ ಹೋಗಿದ್ದರು. ಎಡಗಾಜನ್ನು ಬಿಗಿಹಿಡಿದಿದ್ದ ಸ್ಕ್ರೂ ಥಳಥಳ ಹೊಳೆಯುತ್ತಿತ್ತು. ಕೀಗೊಂಚಲಿನಲ್ಲೇ ನೇತಾಡುವ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಒಂದು ನಿಮಿಷದಲ್ಲಿ ಕೆಲಸ ಮುಗಿಸಿದೆ. ರೋಬೋ ಭುಜಕ್ಕೆ ಸ್ಕ್ರೂ, ಮಾವನವರ ಕನ್ನಡಕಕ್ಕೆ ಹೊಲಿಗೆಯ ದಾರ ಮತ್ತು ಒಂದು ತೊಟ್ಟು ಗೋಂದು. ಸಂಜೆ ಸರಿಮಾಡಿದರಾಯಿತು, ಅಷ್ಟರೊಳಗೆ ಅವರೇನು ವಿಮಾನ ಓಡಿಸುತ್ತಾರೆಯೇ?

ವಿಮಾನವಲ್ಲ, ಕಾರು!

"ಅಳಿಯಂದ್ರೇ, ಹೊರಡೋಣ್ವಾ?" ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕ ಏರಿಸಿ ನಿಂತಿದ್ದರು. "ಹನ್ನೊಂದಕ್ಕೆ ಲೈಸೆನ್ಸ್ ಆಫೀಸಿನಲ್ಲಿ ನನ್ನ ಕಣ್ಣಿನ ಪರೀಕ್ಷೆ. ಮಗಳು ಹೇಳಿದ್ಲಂತೆ, ನೀವು ಹೂಂ ಅಂದ್ರಂತೆ."

ಪರೀಕ್ಷೆ ಇವತ್ತೇ ಎಂಬ ಸುದ್ದಿಯನ್ನು ನನ್ನ ಹೂಂಕಾರ ನುಂಗಿಬಿಟ್ಟಿತ್ತು! ಮಾವನವರು ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಈಗ ಎಪ್ಪತ್ತೆರಡು. ಪರೀಕ್ಷೆಯಲ್ಲಿ ಫೇಲಾದರೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಒಂದು ವಾರದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಕಿಟಕಿಯಿಂದ ಎದುರು ಮನೆಯ ನಾಮಫಲಕ ಓದುತ್ತ ಅಭ್ಯಾಸ ಮಾಡುತ್ತಿದ್ದರು!

ಅವರ ಕಣ್ಣು ತಪ್ಪಿಸಿ ಅಲ್ಲೇ ಸ್ಕ್ರೂ ವಾಪಸು ಹಾಕಿದರಾಯಿತು ಎಂದುಕೊಂಡೆ. ರೋಬೋವನ್ನು ಚೀಲಕ್ಕೆ ತುರುಕಿ, ಸ್ಟೀರಿಂಗ್ ಹಿಡಿದ ಮಾವನವರ ಪಕ್ಕ ಕಾರು ಹತ್ತಿದೆ.

"ಚೀಲದಲ್ಲೇನು?"

"ದಾಖಲೆಗಳು ಮಾವ."

"ದಾಖಲೆಗೆ ಕೊಂಬು ಯಾಕಿದೆ?"

ನಾನು ಕೊಂಬನ್ನು ಚೀಲದೊಳಗೆ ಒತ್ತಿದೆ.

ಆಫೀಸಿನ ಹಜಾರದಲ್ಲಿ ಬೆಂಚಿನ ಮೇಲೆ ಕುಳಿತೆವು. ಗೋಡೆಯುದ್ದಕ್ಕೂ ಫೈಲುಗಳ ರಾಶಿ, ಅದರ ಮೇಲೆ ಧೂಳಿನ ರಾಶಿ. ಮಾವನವರು ಒಂದು ಸೀನು ಸೀನಿದರು. ಬಸ್ಸಿನ ಏರ್‌ಹಾರ್ನಿನಂಥ ಸೀನು! ದಾರ ಹರಿಯಿತು. ಎಡಗಾಜು ಜಿಗಿದು ನೆಲಕ್ಕೆ ಬಿದ್ದು ಬೆಂಚಿನಡಿ ಉರುಳಿತು. ಪುಣ್ಯಕ್ಕೆ ಒಡೆಯಲಿಲ್ಲ.

ಮಾವನವರು ಕನ್ನಡಕ ಕೈಗೆ ತೆಗೆದುಕೊಂಡು, ತೂಗಾಡುತ್ತಿದ್ದ ದಾರ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಅಳಿಯಂದ್ರೇ, ಇದು ಹೊಸ ಫ್ಯಾಷನ್ನೋ?"

ಅಲ್ಲಿಗೆ ನಾನು ಎಲ್ಲವನ್ನೂ ಕಕ್ಕಿಬಿಟ್ಟೆ. ಅಟ್ಟ, ಪೆಟ್ಟಿಗೆ, ಚಿಕ್ಕಪ್ಪ, ಭುಜ, ದಾರ, ಗೋಂದು. ಬೈಗುಳಕ್ಕೆ ತಲೆಯೊಡ್ಡಿ ಕುಳಿತೆ. ಅವರು ಬೈಯಲಿಲ್ಲ. ಚೀಲದಿಂದ ರೋಬೋ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಎಷ್ಟು ವರ್ಷದ್ದು?"

"ಮೂವತ್ತೈದು."

"ಬಣ್ಣ ಕೂಡ ಹೋಗಿಲ್ಲ. ನನ್ನ ಬಸ್ಸನ್ನ ನಾನು ಇಷ್ಟು ಚೆನ್ನಾಗಿಟ್ಕೊಂಡಿರ್ಲಿಲ್ಲ. ಹೂಂ, ನಾನು ಹಿಡ್ಕೋತೀನಿ, ನೀವು ಬಿಚ್ಚಿ. ಬೇಗ!"

ಅವರು ಗಟ್ಟಿಯಾಗಿಯೇ ಹಿಡಿದರು. ಎಷ್ಟು ಗಟ್ಟಿಯೆಂದರೆ, ಹೆಬ್ಬೆರಳು ನೇರ ಬೆನ್ನಿನ ಗುಂಡಿಯ ಮೇಲೆ! ಟಪ್! ಮೂವತ್ತೈದು ವರ್ಷ ಅದುಮಿಟ್ಟ ಆವೇಶವನ್ನೆಲ್ಲ ಕೂಡಿಸಿಕೊಂಡು ಮುಷ್ಟಿ ಹಾರಿತು. ಕೌಂಟರಿನ ಗಾಜಿನ ಕಿಂಡಿಯೊಳಗೆ ನುಗ್ಗಿ, ಪರೀಕ್ಷೆ ಮಾಡುವ ಮೇಡಮ್ಮಿನ ಚಹಾದ ಕಪ್ಪಿಗೆ ದುಡುಮ್ಮನೆ ಧುಮುಕಿತು.

ಮೇಡಂ ಎರಡು ಬೆರಳಲ್ಲಿ ಮುಷ್ಟಿಯನ್ನೆತ್ತಿ, ಚಹಾ ತೊಟ್ಟಿಕ್ಕುತ್ತಿದ್ದಂತೆಯೇ ಕೇಳಿದರು. "ಯಾರದ್ದು ಈ ಕೈವಾಡ?"

"ನಂದೇ ಮೇಡಂ," ನಾನು ಎದ್ದು ನಿಂತೆ. ಒಂದು ಕೈಯಲ್ಲಿ ರೋಬೋ, ಇನ್ನೊಂದರಲ್ಲಿ ಆಗಷ್ಟೇ ಸ್ಕ್ರೂ ಬಿಚ್ಚಿದ ಅದರ ತೋಳು.

"ಮಕ್ಕಳದ್ದಾ?"

"ಅಲ್ಲ ಮೇಡಂ. ಸ್ವಂತದ್ದು."

ಅವರು ನನ್ನ ನರೆಗೂದಲನ್ನೊಮ್ಮೆ, ರೋಬೋವನ್ನೊಮ್ಮೆ ನೋಡಿ, "ಐದು ನಿಮಿಷದಲ್ಲಿ ನಿಮ್ಮ ವರ್ಕ್‌ಶಾಪ್ ಮುಚ್ಚಿ ಒಳಗೆ ಬನ್ನಿ," ಎಂದರು.

ಮೂರೇ ನಿಮಿಷದಲ್ಲಿ ಗಾಜು ಕೂಡಿಸಿ, ಸ್ಕ್ರೂ ಬಿಗಿದು, ಕನ್ನಡಕವನ್ನು ಮಾವನವರ ಮೂಗಿನ ಮೇಲೆ ಕೂರಿಸಿದೆ. ಅವರು ಗೆರೆಯ ಮೇಲೆ ನಿಂತರು. ದೂರದ ಗೋಡೆಯಲ್ಲಿ ಅಕ್ಷರಗಳ ಪಟ್ಟಿ. ಮೇಲಿನ ಸಾಲುಗಳನ್ನು ನಿಲ್ದಾಣದ ಹೆಸರು ಕೂಗಿದಂತೆ ಸಲೀಸಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಕೊಂಚ ತಡೆದರು. ಇವರ ಲೈಸೆನ್ಸ್ ಹೋದರೆ ಆ ಪಾಪ ನನ್ನ ತಲೆಗೇ ತಾನೇ! ಮೆಲ್ಲಗೆ ಅವರ ಬೆನ್ನ ಹಿಂದೆ ಸರಿದು ಪಿಸುಗುಟ್ಟಿದೆ.

"ಪ... ಮಾವ, ಪ..."

"ಸುಮ್ನಿರಿ ಅಳಿಯಂದ್ರೇ," ಮಾವನವರು ಗಟ್ಟಿಯಾಗಿಯೇ ಗದರಿದರು. "ಅದು ಪ ಅಲ್ಲ, ಷ. ಹೊಟ್ಟೆ ಸೀಳಿರೋದು ಕಾಣಲ್ವಾ?"

"ಹಾಗಾದ್ರೆ ಮುಂದಿನದ್ದು ಮ..."

"ವ!"

ಮೇಡಂ ಪೆನ್ನು ಕೆಳಗಿಟ್ಟರು. "ನೀವು ಬನ್ನಿ ಇಲ್ಲಿ. ಗೆರೆ ಮೇಲೆ ನಿಂತು ಆ ಸಾಲು ಪೂರ್ತಿ ಓದಿ."

ನಾನು ಎದೆಯುಬ್ಬಿಸಿ ಓದಿದೆ. ಐದರಲ್ಲಿ ಎರಡು ಸರಿ. ಆ ಎರಡೂ ಮಾವನವರು ಆಗಲೇ ಹೇಳಿಕೊಟ್ಟಿದ್ದವು!

"ಯಜಮಾನರು ಪಾಸ್," ಎಂದು ಮೇಡಂ ಧಡ್ ಎಂದು ಮೊಹರು ಒತ್ತಿದರು. "ನಿಮಗೆ ತಕ್ಷಣ ಕನ್ನಡಕ ಬೇಕು. ಹಾಕೊಳ್ಳೋ ತನಕ ಗಾಡಿ ಮುಟ್ಬೇಡಿ. ಅಂದ ಹಾಗೆ, ನೀವು ಕೆಲಸ ಏನು ಮಾಡ್ತೀರಿ?"

ಹೇಳಲೇ? ಬಿಡಲೇ? ಅಷ್ಟರಲ್ಲಿ ಮಾವನವರು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಬೊಂಬೆ ರಿಪೇರಿ ಮಾಡ್ತಾರೆ ಮೇಡಂ," ಎಂದರು. "ಬೇರೇನಾದ್ರೂ ಹೇಳಿದ್ರೆ ನೀವು ನಂಬೋದಿಲ್ಲ."