ಚೊಂಬಿನ ಲೈನ್ ಕ್ಲಿಯರ್

ಊರ್ಮಿಳೆಯ ತಿಂಡಿ ಡಬ್ಬಿಯ ಮೇಲೆ ಲಾರಿ ಹತ್ತಿದ್ದೇ ಎಲ್ಲಕ್ಕೂ ಮೂಲ. ಹುಡುಗಿ ಹಾರಿ ಪಕ್ಕಕ್ಕೆ ಬಂದಳು, ಡಬ್ಬಿ ಬರಲಿಲ್ಲ. ಚಪಾತಿಯಂತೆ ಚಪ್ಪಟೆಯಾದ ಆ ಡಬ್ಬಿಯನ್ನು ತಾಯಿ ಸುಗುಣಾ ವೆಸ್ಟ್ ಮಾಂಬಲಂನ ಆ ಓಣಿಯ ಮನೆಮನೆಗೂ ತೋರಿಸಿ ಬಂದಳು. ಮೇನ್ ರೋಡನ್ನು ಚರಂಡಿಗೆಂದು ಅಗೆದು ಹಾಕಿದ ಮೇಲೆ ಮದರಾಸಿನ ಅರ್ಧ ವಾಹನಗಳು ಈ ಓಣಿಗೇ ನುಗ್ಗುತ್ತಿದ್ದವು. ಒಂದು ಲಾರಿ ಬಂದರೆ ಎದುರಿನ ಸೈಕಲ್ಲಿಗೂ ಜಾಗವಿಲ್ಲ, ಸಾಲದ್ದಕ್ಕೆ ನಡುವೆ ಒಂದು ತಿರುವು.

ಸಂಜೆ ಸಭೆ ಸೇರಿತು. ಕಾರ್ಪೊರೇಷನ್ನಿಗೆ ಕೊಟ್ಟ ನಾಲ್ಕು ಅರ್ಜಿಗಳಿಗೂ ಉತ್ತರ ಬಂದಿರಲಿಲ್ಲ. ಇನ್ನು ನಾವೇ ಏನಾದರೂ ಮಾಡಬೇಕೆಂದು ಪಕ್ಕದ ಮನೆಯ ಚಂದ್ರಮತಿಯಮ್ಮ ಹೇಳಿದ್ದೇ ತಡ, ರೈಲ್ವೆಯಲ್ಲಿ ಗಾರ್ಡಾಗಿದ್ದು ರಿಟೈರಾದ ಕಿಟ್ಟಣ್ಣ ಎದ್ದು ನಿಂತರು.

"ಇದು ಸಿಂಗಲ್ ಲೈನು. ಟೋಕನ್ ಇಲ್ದೆ ಒಂದು ಚಕ್ರಾನೂ ಉರುಳಕೂಡದು."

ಉಪಾಯ ಸರಳವಾಗಿತ್ತು. ಓಣಿಯ ಎರಡು ತುದಿಗೂ ಬಾವುಟ ಹಿಡಿದ ಒಬ್ಬೊಬ್ಬರು. ಟೋಕನ್ ಯಾವ ತುದಿಯಲ್ಲಿದೆಯೋ ಆ ಕಡೆಯ ವಾಹನಗಳಿಗೆ ಮಾತ್ರ ದಾರಿ. ಸಾಲಿನ ಕೊನೆಯ ವಾಹನ ಟೋಕನ್ನನ್ನು ಒಯ್ದು ಎದುರು ತುದಿಗೆ ಕೊಟ್ಟ ಮೇಲೆ ಅತ್ತಲಿಂದ ಬಿಡುವುದು. ಟೋಕನ್ ಎದ್ದು ಕಾಣುವಂತಿರಬೇಕೆಂದು ಎಲ್ಲರೂ ಹುಡುಕಾಡಿ, ಸುಗುಣಾಳ ತವರಿನ ಸ್ಟೀಲ್ ಚೊಂಬನ್ನು ಆರಿಸಿದರು. ಅವಳು ಸ್ವಲ್ಪ ಹೊತ್ತು ಅದನ್ನು ಎದೆಗವಚಿಕೊಂಡಿದ್ದು, ಆಮೇಲೆ ಕೊಟ್ಟಳು.

"ಪಾತ್ರೆ ಅಂಗಡೀಲಿ ತಮಿಳಲ್ಲಿ ಹೆಸರು ಕೊರೆಸಿದೀನಿ, ನಮ್ಮಿಬ್ಬರದ್ದೂ. ಎಲ್ಲಿ ಹೋದ್ರೂ ಗೊತ್ತಾಗತ್ತೆ."

ಒಂದು ತುದಿಗೆ ಕಿಟ್ಟಣ್ಣ. ಸ್ಟೇಷನ್ ಕಡೆಯ ತುದಿಗೆ ಯಾರು ಎಂದಾಗ ಎಲ್ಲರೂ ಸುಗುಣಾಳ ಗಂಡ ಬದರಿನಾಥನನ್ನು ನೋಡಿದರು. ಅವನು ಇನ್ಶೂರೆನ್ಸ್ ಗುಮಾಸ್ತ. ಆ ತಿಂಗಳು ಈಗಾಗಲೇ ಎರಡು ದಿನ ತಡವಾಗಿ ಹೋಗಿದ್ದ. ಮೂರನೆಯದಾದರೆ ಒಂದು ರಜೆ ಕಟ್. ಉಳಿದಿದ್ದುದೇ ಒಂದು ರಜೆ, ಅದೂ ಶುಕ್ರವಾರ ಮೈಸೂರಿನಲ್ಲಿ ಭಾವಮೈದುನ ಸದಾನಂದನ ಮದುವೆಗೆ. ಅದನ್ನೇ ತೊದಲುತ್ತಾ ಹೇಳಿದ.

"ಮಗಳು ನೆಟ್ಟಗಿದ್ರೆ ತಾನೆ ಮದುವೆಗೆ ಕರ್ಕೊಂಡು ಹೋಗೋದು?" ಎಂದರು ಚಂದ್ರಮತಿಯಮ್ಮ. ಬದರಿನಾಥ ಬಾವುಟಕ್ಕೆ ಕೈಚಾಚಿದ.

ಮರುದಿನ ಎಂಟೂವರೆಗೆ ಲೈನ್ ಶುರುವಾಯಿತು. ಅಬ್ಬಾ, ಎಂಥ ಅರ್ಧ ಗಂಟೆ ಅದು! ಲಾರಿಗಳು ಹಸುವಿನಂತೆ ನಿಂತವು, ಚೊಂಬು ಹೋಯಿತು, ಬಂತು, ಮತ್ತೆ ಹೋಯಿತು. ಆಟೋದವರೇ "ಸೊಂಬು ವಂದುಡುಚ್ಚಾ?" ಎಂದು ತಮಿಳಿನಲ್ಲಿ ಚೊಂಬು ಬಂತೇ ಎಂದು ಕೇಳತೊಡಗಿದರು. ಊರ್ಮಿಳೆ ಅಪ್ಪನಿಗೆ ಕೈಬೀಸಿ ನಿಧಾನವಾಗಿ ರಸ್ತೆ ದಾಟಿದಾಗ ಬದರಿನಾಥನಿಗೆ ಕಣ್ಣು ತುಂಬಿ ಬಂತು. ಅವನು ಇಷ್ಟು ದೊಡ್ಡ ಕೆಲಸವನ್ನು ಜೀವನದಲ್ಲಿ ಮಾಡಿರಲಿಲ್ಲ.

ಒಂಬತ್ತಕ್ಕೆ ಚೊಂಬು ಬರುವುದು ನಿಂತಿತು.

ಕೊನೆಯ ಸಲ ಅದನ್ನು ಕಪ್ಪು ಅಂಬಾಸಡರ್ ಕಾರಿಗೆ ಕೊಟ್ಟಿದ್ದೇನೆಂದು ಕಿಟ್ಟಣ್ಣ ಹೇಳಿಕಳಿಸಿದರು. ಕಾರೂ ಬರಲಿಲ್ಲ, ಚೊಂಬೂ ಬರಲಿಲ್ಲ. ಎರಡು ಕಡೆಯೂ ಹಾರನ್ನಿನ ಜಾತ್ರೆ. ನಡುವಿನ ಖಾಲಿ ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡತೊಡಗಿದರು. ಒಂದು ಕಡೆಯವರನ್ನಾದರೂ ಬಿಡೋಣವೆಂದು ಬದರಿನಾಥ ಅಂಗಲಾಚಿದ. ಟೋಕನ್ ಇಲ್ಲದೆ ಬಿಟ್ಟರೆ ಡಿಕ್ಕಿ ಗ್ಯಾರಂಟಿ ಎಂದು ಆ ತುದಿಯಿಂದ ಉತ್ತರ ಬಂತು. ಒಂಬತ್ತೂ ನಲವತ್ತಕ್ಕೆ ಅವನು ಬಾವುಟವನ್ನು ಚಂದ್ರಮತಿಯಮ್ಮನ ಕೈಗೆ ತುರುಕಿ ಸ್ಟೇಷನ್ನಿಗೆ ಓಡಿದ.

ಬೀಚ್ ಸ್ಟೇಷನ್ನಿನಲ್ಲಿ ಇಳಿದು ಆಫೀಸು ಹೊಕ್ಕಾಗ ಹತ್ತೂ ಇಪ್ಪತ್ತು. ಹತ್ತೂ ಹತ್ತಕ್ಕೆ ಸರಿಯಾಗಿ ಹಾಜರಿ ಪುಸ್ತಕವನ್ನು ತಮ್ಮ ಕೋಣೆಗೆ ಒಯ್ಯುತ್ತಿದ್ದ ಮ್ಯಾನೇಜರ್ ರಾಮದಾಸ್ ಆ ದಿನ ಬಂದೇ ಇರಲಿಲ್ಲ! ಪುಸ್ತಕ ಮೇಜಿನ ಮೇಲೆಯೇ ಬಿದ್ದಿತ್ತು. ಬದರಿನಾಥ 9.55 ಎಂದು ಬರೆದು ಸಹಿ ಹಾಕಿದ. ರಜೆ ಉಳಿಯಿತು, ಮದುವೆ ಉಳಿಯಿತು. ಕುಣಿಯುವುದೊಂದು ಬಾಕಿ.

ಹತ್ತೂವರೆಗೆ ರಾಮದಾಸ್ ಬೆವರುತ್ತಾ ಬಂದರು. ಕೈಯಲ್ಲಿ ಥಳಥಳಿಸುವ ಸ್ಟೀಲ್ ಚೊಂಬು.

ಯಾವನೋ ಮುದುಕ ಇದನ್ನು ಕಾರೊಳಗೆ ಇಟ್ಟು ಹಸಿರು ಬಾವುಟ ಬೀಸಿದನೆಂದೂ, ಅಭಿಷೇಕದ ಚೊಂಬಿರಬೇಕೆಂದು ತಾವು ತಿರುವಿನ ಅಡ್ಡರಸ್ತೆಯ ಪಿಳ್ಳೈಯಾರ್ ಗಣಪತಿಯ ಗುಡಿಗೆ ಹೋದುದಾಗಿಯೂ, ಅಲ್ಲಿನ ಅರ್ಚಕರು ಚೊಂಬಿನ ಮೇಲಿನ ಬದರಿನಾಥನ ಹೆಸರು ಓದಿ ಇಡೀ ಕತೆ ಬಿಡಿಸಿದರೆಂದೂ ಅವರು ಇಡೀ ಆಫೀಸಿಗೆ ಕೇಳುವಂತೆ ತಮಿಳಿನಲ್ಲಿ ಹೇಳಿದರು. ಆಮೇಲೆ ಹಾಜರಿ ಪುಸ್ತಕದ 9.55 ನೋಡಿದರು. ಆಮೇಲೆ ಬದರಿನಾಥನನ್ನು ನೋಡಿದರು. ಅವನು ಕುರ್ಚಿಯಿಂದ ಎದ್ದು ನಿಂತ.

"ಅದು ಇರಲಿ ಬಿಡಿ, ನಾನೂ ತಡವಾಗಿಯೇ ಬಂದೆ," ಎಂದು ನಕ್ಕರು ರಾಮದಾಸ್. "ಎಂಥ ಏರ್ಪಾಡು ಮಾಡಿದ್ದೀರಿ! ನಮ್ಮ ಅಶೋಕ್ ನಗರದ ಬೀದಿಯಲ್ಲೂ ಲಾರಿ ಕಾಟ, ಮೊಮ್ಮಗನನ್ನು ಹೊರಗೆ ಬಿಡಲು ಭಯ. ಶುಕ್ರವಾರ ಬೆಳಿಗ್ಗೆ ನಮ್ಮಲ್ಲೂ ಶುರು ಮಾಡೋಣ. ನೀವೇ ನಿಂತು ನಡೆಸಿಕೊಡಬೇಕು."

"ಸರ್, ಶುಕ್ರವಾರ ನಾನು ರಜೆ..."

"ರಜೆ ಯಾಕೆ ಹಾಳು ಮಾಡುತ್ತೀರಿ? ಡ್ಯೂಟಿ ಎಂದೇ ಬರೆಸುತ್ತೇನೆ. ಚೊಂಬು ಅಲ್ಲಿಯವರೆಗೆ ನನ್ನ ಹತ್ತಿರವೇ ಭದ್ರವಾಗಿರಲಿ."

ಸಂಜೆ ಸುಗುಣಾ ಮದುವೆಯ ಸೀರೆಗಳನ್ನು ಟ್ರಂಕಿಗೆ ಜೋಡಿಸುತ್ತಾ ಕುಳಿತಿದ್ದಳು. ಗಂಡನನ್ನು ಕಂಡದ್ದೇ ಎರಡು ಪ್ರಶ್ನೆ ಕೇಳಿದಳು: ಚೊಂಬು ಸಿಕ್ತಾ, ರಜೆ ಉಳೀತಾ?

ಬದರಿನಾಥ ಚಪ್ಪಲಿಯನ್ನು ಕಾಲಿನಲ್ಲೇ ಉಳಿಸಿಕೊಂಡು, ಬಾಗಿಲ ಹತ್ತಿರವೇ ನಿಂತು, ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟ.

"ರಜೆ ಉಳೀತು ಕಣೇ."