ಪೇಟೆಬೀದಿಯ ಪಿಕಪ್ ಪರ್ವ

ಎಲೈ ವಾಗ್ದೇವಿಯೇ, ಗ್ರೀಸು ಮೆತ್ತಿದ ಕೈಗಳನ್ನು ಕಂಡು ಮೂಗು ಮುರಿಯದೆ ಈ ಬಡ ಕಥೆಗಾರನ ನಾಲಗೆಯ ಮೇಲೆ ಅರೆಗಳಿಗೆ ಬಂದು ಕೂರು! ಅಶ್ವಗಳು ಹೋಗಿ ಅಶ್ವಶಕ್ತಿ ಮಾತ್ರ ಉಳಿದಿರುವ ಈ ಡೀಸೆಲ್‌ಧೂಮಾವೃತ ಕಲಿಯುಗದಲ್ಲಿ, ಮಳವಳ್ಳಿಯ ಪೇಟೆಬೀದಿಯೆಂಬ ಮಹಾರಣಾಂಗಣದಲ್ಲಿ, ಶಾಮಿಯಾನಸ್ತಂಭವಾಹಕನೂ, ಮದುವೆಮನೆಯ ಕೊಪ್ಪರಿಗೆಗಳ ಏಕೈಕ ಸಾರಥಿಯೂ, ಶ್ಮಶ್ರುಶೋಭಿತವದನನೂ ಆದ ಜವರಪ್ಪನೆಂಬ ವೀರನು ತನ್ನ ಇಪ್ಪತ್ತೆರಡು ವರ್ಷದ ಪಿಕಪ್ಪಿನೊಡನೆ ಹೂಡಿದ ಘೋರ ಸಮರವನ್ನು ಹೇಳಹೊರಟಿದ್ದೇನೆ. ಕೇಳುವವರು ಸ್ವಲ್ಪ ದೂರ ನಿಲ್ಲಿ. ಹೊಗೆ ಬಂದರೂ ಬರಬಹುದು.

ಸಮರಕ್ಕೆ ಮೂಲ ಒಂದು ಪ್ರತಿಜ್ಞೆ. ಹಿಂದಿನ ತಿಂಗಳು ನಾದಿನಿಯ ಸೀಮಂತಕ್ಕೆ ಹೋಗುವಾಗ ಈ ಗಾಡಿ ದಾರಿಯಲ್ಲಿ ಮೂರು ಸಲ ನಿಂತಿತ್ತು. ಜವರಪ್ಪನ ಹೆಂಡತಿ ಚಿಕ್ಕತಾಯಮ್ಮ ರೇಷ್ಮೆಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೂರು ಸಲವೂ ತಳ್ಳಿದ್ದಳು. ತವರಿನವರ ಮುಂದೆ ನಿಂತಾಗ ಅವಳ ಅಂಗೈ ಕಪ್ಪಗಿತ್ತು, ಮುಖ ಅದಕ್ಕಿಂತ ಕಪ್ಪಗಿತ್ತು. ಆಗ ಜವರಪ್ಪ ಎಲ್ಲರೆದುರು ಗುಡುಗಿದ: “ಇನ್ನೊಂದ್ ಸಲ ಇದು ನಿಂತು ನಿನ್ ಕೈಲಿ ತಳ್ಳುಸ್ದೆ ಅಂದ್ರೆ, ಅವತ್ತೇ ಗುಜರಿಗೆ ಹಾಕ್ಬುಡ್ತೀನಿ ಕಣಮ್ಮಿ!” ಹೇಳುವಾಗ ಎದೆ ಉಬ್ಬಿತ್ತು. ಮನೆಗೆ ಬಂದ ಮೇಲೆ ಅದೇ ಎದೆ ಹಿಂಡತೊಡಗಿತು, ಏಕೆಂದರೆ ಆ ಗಾಡಿಯೆಂದರೆ ಅವನಿಗೆ ಪ್ರಾಣ. ಹೆಂಡತಿಯ ನಕ್ಷತ್ರ ಯಾವುದೆಂದು ಪುರೋಹಿತರು ಕೇಳಿದಾಗಲೆಲ್ಲ ತಡವರಿಸುವ ಅವನು ಗಾಡಿಯ ಚಾಸಿ ನಂಬರನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲ.

ಆದ್ದರಿಂದ ಈ ಸಲದ ಆಯುಧಪೂಜೆಗೆ ಅವನು ಯಾವ ಕೊರತೆಯನ್ನೂ ಮಾಡಲಿಲ್ಲ. ಚಕ್ರಕ್ಕೆ, ಜಾಕಿಗೆ, ಸ್ಪ್ಯಾನರಿಗೆ, ಕೊನೆಗೆ ಒರೆಸುವ ಬಟ್ಟೆಗೂ ವಿಭೂತಿ ಬಿತ್ತು. ಗಾಡಿಯ ಜೀವವಿರುವುದು ಬ್ಯಾಟರಿಯಲ್ಲಿ ಎಂದು ಬಲ್ಲ ಆ ಭಕ್ತಶಿರೋಮಣಿಯು, ಬ್ಯಾಟರಿಗೆ ಬಿಗಿದ ವೈರಿನ ಹಿಡಿಕೆಗಳೆರಡನ್ನೂ ಬಿಚ್ಚಿ, ಗಂಧವನ್ನು ಗಾರೆಯಂತೆ ಮೆತ್ತಿ, ಒಂದೊಂದು ಸೇವಂತಿಗೆಯಿಟ್ಟು, ಅದರ ಮೇಲೆಯೇ ಮತ್ತೆ ಹಿಡಿಕೆ ಕೂರಿಸಿದ್ದ. ರಾತ್ರಿಯೆಲ್ಲ ಗಂಧ ಚೆನ್ನಾಗಿ ಒಣಗಿತು.

ವಿಜಯದಶಮಿಯ ಬೆಳಗಾಯಿತು. ಚಿಕ್ಕತಾಯಮ್ಮ ಅರ್ಧ ಮೂಟೆ ರಾಗಿ ತಂದು ಗಾಡಿಯ ಹಿಂದಕ್ಕೆ ಎಸೆದಳು. “ಮುದ್ದೆಗೆ ಹಿಟ್ಟಿಲ್ಲ. ಮಿಲ್ಲಿಗೆ ಹಾಕ್ಕೊಂಡ್ ಬನ್ನಿ,” ಎಂದಳು. ಮಿಲ್ಲು ಮೂರು ಬೀದಿಯಾಚೆ. ಜವರಪ್ಪ ರಥಾರೋಹಣ ಮಾಡಿ ಕೀಲಿ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಮತ್ತೆ ಟಕ್. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, “ಗುಜರಿಯೋರ್ನ ಕರೀಲಾ?” ಎಂದಳು.

ಆಗ ನಮ್ಮ ವೀರನು ಆಡಿದ ನುಡಿಗಳ ಭಾವಾರ್ಥ ಹೀಗಿತ್ತು: ಎಲೈ ಸಾಧ್ವಿಯೇ, ಶಿಂಷಾ ಘಾಟಿಯಲ್ಲಿ ಮುನ್ನೂರು ಕುರ್ಚಿಗಳ ಭಾರಹೊತ್ತು ಗರ್ಜಿಸಿದ ಈ ಲೋಹಸಿಂಹವನ್ನು ನಾನು ಮುಹೂರ್ತಮಾತ್ರದಲ್ಲಿ ಎಬ್ಬಿಸದೆ ಹೋದರೆ ಈ ಮೀಸೆ ಮೀಸೆಯಲ್ಲ! ಬಾಯಿಂದ ಹೊರಬಿದ್ದದ್ದು ಮಾತ್ರ, “ಸುಮ್ನಿರಮ್ಮಿ, ಆಯ್ತದೆ,” ಎಂಬುದಷ್ಟೇ.

ಕರೆ ಹೋಯಿತು. ನಂಜುಂಡಾಚಾರಿ ಬಂದ. ಸ್ಪ್ಯಾನರ್‌ಪಾಣಿ, ಟ್ರ್ಯಾಕ್ಟರೋದ್ಧಾರಕ, ಹತ್ತೂರಿಗೆ ಒಬ್ಬನೇ ಮೆಕ್ಯಾನಿಕ್. ಬಾನೆಟ್ ಎತ್ತಿ ನೋಡಿದ. ಒಳಗೆ ಹೂವಿನಂಗಡಿಯಿತ್ತು. ವಿದ್ಯೆ ಕಲಿತವನಾದ್ದರಿಂದ ಅವನ ಕೈ ಮೊದಲು ಬ್ಯಾಟರಿಯತ್ತಲೇ ಹೋಯಿತು.

“ಆಚಾರ್ರೇ, ಮುಟ್ಬ್ಯಾಡಿ!” ಜವರಪ್ಪ ಚೀರಿದ. “ಪೂಜೆ ಇನ್ನೂ ಕದಲ್ಸಿಲ್ಲ!”

ಆಚಾರಿ ಕೈ ಹಿಂದಕ್ಕೆಳೆದು ಕೆನ್ನೆಗೆ ಬಡಿದುಕೊಂಡ. “ತಪ್ಪಾಯ್ತು ಜವರಣ್ಣ. ಹಂಗಾರೆ ಬ್ಯಾರೆ ಕಡೆ ನೋಡವ.”

ಆ ‘ಬ್ಯಾರೆ ಕಡೆ’ ಎರಡು ಗಂಟೆ ನಡೆಯಿತು. ಡೀಸೆಲ್ ಫಿಲ್ಟರು ಬಿದ್ದಿತು. ಸ್ಟಾರ್ಟರ್ ಮೋಟಾರು, ದೀರ್ಘಕಾಲ ಹೋರಾಡಿ, ಸ್ಥಾನಭ್ರಷ್ಟವಾಗಿ ಗೋಣಿಚೀಲದ ಮೇಲೆ ಮಲಗಿತು. ಅದರಲ್ಲಿ ಯಾವ ದೋಷವೂ ಕಾಣದೆ ಮತ್ತೆ ಪಟ್ಟಕ್ಕೇರಿತು. ಬೀದಿಯ ಗಂಡಸರು ಒಬ್ಬೊಬ್ಬರಾಗಿ ನೆರೆದರು. ಹಿಟ್ಟಿನ ಮಿಲ್ಲಿನ ಕರಿಗೌಡನೂ ಅಂಗಡಿಗೆ ಬೀಗ ಹಾಕಿ ಬಂದ. ಸೈಕಲ್ಲಿಗಿಂತ ದೊಡ್ಡ ವಾಹನ ಓಡಿಸದವರೂ ಇಂಜಿನ್ನಿನೊಳಗೆ ತಲೆಯಿಟ್ಟು, ನಿಟ್ಟುಸಿರಿಟ್ಟು, ಅಭಿಪ್ರಾಯ ಕೊಟ್ಟರು.

“ತಳ್ಳವ,” ಎಂದ ಕರಿಗೌಡ. ದಕ್ಷಿಣಕ್ಕೆ ಬೀದಿ ಇಳಿಜಾರಾಗಿತ್ತು. ಆದರೆ ಪೂಜೆಯಾದ ಗಾಡಿಯ ಮೊದಲ ಹೆಜ್ಜೆ ಯಮನ ದಿಕ್ಕಿಗೆ ಬೀಳಬಹುದೇ? ಹೀಗಾಗಿ ಹತ್ತು ಜನ ಧೀರರು, ‘ಐಸಾ’ ಎಂಬ ರಣಘೋಷದೊಡನೆ, ಅದನ್ನು ಉತ್ತರದ ಏರಿಗೆ ತಳ್ಳಿದರು. ಗಾಡಿ ಇಪ್ಪತ್ತು ಹೆಜ್ಜೆ ಹತ್ತಿತು, ಆಲೋಚಿಸಿತು, ಹತ್ತು ಜನರ ಸಮೇತ ಮೊದಲಿನ ಜಾಗಕ್ಕೆ ವಾಪಸು ಬಂತು. ಆ ಹತ್ತರಲ್ಲಿ ಒಬ್ಬನಿಗೂ, ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕತಾಯಮ್ಮನನ್ನು ಒಂದು ಮಾತು ಕೇಳೋಣವೆನಿಸಲಿಲ್ಲ.

ಜವರಪ್ಪ ಸ್ಟೇರಿಂಗಿಗೆ ಹಣೆಯಿಟ್ಟ. ಗುಜರಿಯವರು ತೂಕಕ್ಕೆ ಹಾಕುವ ಮೊದಲು ಬಾಗಿಲುಗಳನ್ನು ಕಿತ್ತು ಬೇರೆ ಇಡುತ್ತಾರೆಂದು ಅವನು ಕಂಡಿದ್ದ. ಅದು ನೆನಪಾಗಿ ಕಣ್ಣು ತುಂಬಿತು.

ಅವನ ಮುಖ ನೋಡಿ ಚಿಕ್ಕತಾಯಮ್ಮ ಎದ್ದಳು. ಬಾನೆಟ್ಟಿನೊಳಗೆ ಇಣುಕಿದಳು. “ಪೂಜೆ ಕದಲ್ಸಿಲ್ಲ ಅಂತ ಇಷ್ಟೊತ್ತೂ ಒದ್ದಾಡ್ತಿದ್ರಾ? ಮನೇಲಿ ಕದಲ್ಸೋಳು ನಾನು ತಾನೆ? ಒಂದ್ ಮಾತ್ ಕೇಳಕ್ಕೆ ಏನಾಗಿತ್ತು?” ಎಂದಳು. ಕೈಮುಗಿದು ಹೂವೆಲ್ಲ ಬಾಚಿ ಅವರೆಕಾಯಿಯ ಮೊರಕ್ಕೆ ಹಾಕಿದಳು. ಆಚಾರಿಯಿಂದ ಹಿಡಿಕೆ ಬಿಚ್ಚಿಸಿ, ಬಾಣಲೆ ಕೆರೆಯುವ ಚಮಚದಿಂದ ಗಂಧವನ್ನು ಕೆರೆದು, ಮತ್ತೆ ಬಿಗಿಸಿದಳು. “ಈಗ ತಿರುಗ್ಸಿ.”

ಗಾಡಿ ಗುಡುಗಿತು! ಕಪ್ಪು ಹೊಗೆ ದಿಗಂತವನ್ನು ಮುಚ್ಚಿತು! ಗಂಡಸರು ಪರಸ್ಪರ ಅಭಿನಂದಿಸಿಕೊಂಡರು. “ಎಲ್ಲಾ ಪೂಜೆ ಬಲ,” ಎಂದ ಜವರಪ್ಪ ಮೀಸೆ ತಿರುವಿ. ಪೂಜೆಯೇ ಅಪರಾಧಿಯೆಂದು ಒಪ್ಪಲು ಅವನ ಮನಸ್ಸು ಒಲ್ಲದು. ಹೆಂಡತಿ ಬಾಗಿಲಿಗೆ ಬೀಗ ಹಾಕಲು ಹೋದಾಗ, ಇಂಜಿನ್ನು ಓಡುತ್ತಿರುವಂತೆಯೇ ಹಿಡಿಕೆ ಸಡಿಲಿಸಿ, ಮೊರದಿಂದೊಂದು ಸೇವಂತಿಗೆ ತೆಗೆದು, ಶಾಸ್ತ್ರಕ್ಕೆಂದು ಅದರಡಿ ಮತ್ತೆ ಸಿಕ್ಕಿಸಿ ಬಾನೆಟ್ ಮುಚ್ಚಿದ.

ದಂಪತಿಗಳು ವಿಜಯಯಾತ್ರೆ ಹೊರಟು ಮೂರು ಬೀದಿ ದಾಟಿ ಮಿಲ್ಲಿನ ಮುಂದೆ ನಿಂತರು. ಡೀಸೆಲ್ ಉಳಿಸಲು ಜವರಪ್ಪ ಇಂಜಿನ್ ಆರಿಸಿದ. ಮಿಲ್ಲಿಗೆ ಬೀಗ. ಹಿಂದೆಯೇ ನಡೆದು ಬಂದ ಕರಿಗೌಡ ಗ್ರೀಸಿನ ಕೈಯೊರೆಸಿಕೊಳ್ಳುತ್ತ, “ಕರೆಂಟ್ ಹೋಗ್ಬುಟ್ಟದೆ ಕಣಣ್ಣ, ನಾಳೆ ಬಾ,” ಎಂದ.

ಜವರಪ್ಪ ಕೀಲಿ ತಿರುಗಿಸಿದ.

ಟಕ್.

ಚಿಕ್ಕತಾಯಮ್ಮ ನಿಧಾನವಾಗಿ ಅವನತ್ತ ತಿರುಗಿದಳು. “ಬಾನೆಟ್ ಎತ್ತಿ, ನೋಡ್ತೀನಿ.”

“ಬ್ಯಾಡ, ಬ್ಯಾಡ!” ಎಂದ ವೀರ ಗಾಬರಿಯಿಂದ.

“ಹಂಗಾರೆ ನಾನು ತಳ್ಳಲಾ?”

ತಳ್ಳಿದರೆ ಗುಜರಿ; ಎತ್ತಿದರೆ ಸೇವಂತಿಗೆ. ಜವರಪ್ಪ ಎರಡನ್ನೂ ಯೋಚಿಸಿದ. ಆಮೇಲೆ ರಥದಿಂದ ಇಳಿದು, ಪಂಚೆ ಮೇಲೆತ್ತಿ ಕಟ್ಟಿ, ಗಾಡಿಯ ಹಿಂದಕ್ಕೆ ಹೋಗಿ ಭುಜ ಕೊಟ್ಟ.

“ಈ ಕಡೀಕ್ ಕೂತ್ಕೊ ತಾಯಮ್ಮ,” ಎಂದ. “ಸ್ಟೇರಿಂಗ್ ನೆಟ್ಟಗೆ ಹಿಡ್ಕೊ.”